ಬಾಸ್ಟನ್‌ನಲ್ಲಿ ಹಳೇ ಸಾಲಿ ನೋಡಬೇಕು, ಯಾವುದು ಬಿಡಬಾರದು?

ಯಾದಗಿರಿ ಮಾಸ್ತರ್:

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿಯವನು. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ಹೋದ ವರ್ಷ ರಿಟೈರ್ ಆದೆ. ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಬಾಸ್ಟನ್ ಹತ್ತಿರ ಫ್ರೇಮಿಂಗ್‌ಹ್ಯಾಮ್ ಅಂತ ಊರು. ಮೇ ತಿಂಗಳಲ್ಲಿ ನಾನು, ನಮ್ಮ ಮನೆಯವರು ಹೋಗುತ್ತಿದ್ದೇವೆ. ಮೂರು ತಿಂಗಳು ಇರುತ್ತೇವೆ.

ಅಳಿಯಂದಿರು ಈಗಲೇ ಪಟ್ಟಿ ಕಳಿಸಿದ್ದಾರೆ. ನಯಾಗರಾ, ನ್ಯೂಯಾರ್ಕ್, ತಿಮಿಂಗಿಲ ತೋರಿಸುವ ಬೋಟು. ಎಲ್ಲ ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ನನ್ನ ಆಸೆ ಬೇರೆ. "ಬಾಸ್ಟನ್ ಟೀ ಪಾರ್ಟಿ, 1773" ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ಸಲ ಹಿಂದಿನ ಬೆಂಚಿನ ಹುಡುಗ ಎದ್ದು, "ಸರ್, ಚಹಾ ಚೆಲ್ಲಿದರೆ ಸ್ವಾತಂತ್ರ್ಯ ಹೆಂಗೆ ಬರ್ತದೆ?" ಎಂದು ಕೇಳಿದ್ದ. ತೆರಿಗೆ, ಪಾರ್ಲಿಮೆಂಟು ಅಂತ ಏನೇನೋ ಹೇಳಿ ಕೂರಿಸಿದೆ. ಆ ಜಾಗವನ್ನೊಮ್ಮೆ ಕಣ್ಣಾರೆ ನೋಡಬೇಕು.

ಇನ್ನೊಂದು, ಅಲ್ಲಿ 1635ರಲ್ಲಿ ಶುರುವಾದ ಸಾಲಿ ಇವತ್ತಿಗೂ ನಡೆಯುತ್ತಿದೆಯಂತೆ. ಒಳಗೆ ಬಿಡುತ್ತಾರಾ? ಒಂದು ಕ್ಲಾಸಿನಲ್ಲಿ ಹಿಂದೆ ಕೂತು ಪಾಠ ಕೇಳಬೇಕೆಂಬ ಆಸೆ. ಬೇರೆ ಯಾವ ಹಳೇ ಸಾಲಿಗಳಿವೆ? ಅಳಿಯಂದಿರಿಗೆ ರಜೆ ಕಡಿಮೆ, ನಾವಿಬ್ಬರೇ ರೈಲಿನಲ್ಲಿ ಓಡಾಡಬೇಕು. ಮನೆಯವರಿಗೆ ಮೊಣಕಾಲು ನೋವು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡು ಹೇಳಿ.

ಬಿಸಿಲೂರ ಹುಡುಗ:

ಸರ್ ನಮಸ್ಕಾರ. ನಾನು ಕಲಬುರಗಿಯವನು, ಬಾಸ್ಟನ್‌ನಲ್ಲಿ ಓದುತ್ತಿದ್ದೇನೆ, ಇದು ಎರಡನೇ ವರ್ಷ. ಮೊದಲು ಓಡಾಟದ ವಿಷಯ ಹೇಳಿಬಿಡುತ್ತೇನೆ.

ಫ್ರೇಮಿಂಗ್‌ಹ್ಯಾಮ್‌ನಿಂದ ಲೋಕಲ್ ರೈಲು ಇದೆ, ಇಲ್ಲಿ ಕಮ್ಯೂಟರ್ ರೈಲ್ ಅನ್ನುತ್ತಾರೆ. ಸೌತ್ ಸ್ಟೇಷನ್ ಕೊನೆಯ ನಿಲ್ದಾಣ. ಅಲ್ಲಿ ಕೆಳಗಿಳಿದು ರೆಡ್ ಲೈನ್ ಮೆಟ್ರೋ ಹಿಡಿದರೆ ಎರಡನೇ ಸ್ಟಾಪು ಪಾರ್ಕ್ ಸ್ಟ್ರೀಟ್. ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತಟ್ಟಿದರೂ ತೆರೆಯುತ್ತದೆ, ಮಗಳ ಕಾರ್ಡ್ ಒಂದು ಇಟ್ಟುಕೊಳ್ಳಿ. ಪಾರ್ಕ್ ಸ್ಟ್ರೀಟ್ ಸ್ಟೇಷನ್ನೇ ಒಂದು ಇತಿಹಾಸ ಸರ್. ಅಮೆರಿಕದ ಮೊದಲ ಸುರಂಗ ರೈಲು 1897ರಲ್ಲಿ ಬಂದಿದ್ದು ಅಲ್ಲಿಗೇ. ಅದರ ಗ್ರೀನ್ ಲೈನ್ ತಿರುವಿನಲ್ಲಿ ಕಿರ್ರ್ ಅನ್ನುವ ಸದ್ದು ಕೇಳಿದರೆ, ಅವತ್ತಿನಿಂದ ಯಾರೂ ಎಣ್ಣೆ ಹಾಕಿಲ್ಲವೇನೋ ಅನ್ನಿಸುತ್ತದೆ.

ಮೇಲೆ ಬಂದರೆ ಬಾಸ್ಟನ್ ಕಾಮನ್ ಅನ್ನುವ ದೊಡ್ಡ ಮೈದಾನ. 1634ರದ್ದು, ಆಗ ಊರಿನ ದನ ಮೇಯಿಸುವ ಗೋಮಾಳ. ಇಲ್ಲಿಂದಲೇ ಫ್ರೀಡಂ ಟ್ರೇಲ್ ಶುರು, ಅಂದರೆ ಅವರ ಸ್ವಾತಂತ್ರ್ಯ ಹೋರಾಟದ ಜಾಗಗಳನ್ನು ತೋರಿಸುವ ದಾರಿ. ಫುಟ್‌ಪಾತಿನ ಮೇಲೆ ಒಂದು ಕೆಂಪು ಗೆರೆ ಇದೆ, ಕೆಲವು ಕಡೆ ಇಟ್ಟಿಗೆ, ಕೆಲವು ಕಡೆ ಬರೀ ಬಣ್ಣ. ಅದರ ಮೇಲೆ ನಡೆಯುತ್ತಾ ಹೋದರೆ 16 ಜಾಗ ಸಿಗುತ್ತವೆ, ಒಟ್ಟು ಎರಡೂವರೆ ಮೈಲಿ, ಅಂದರೆ 4 ಕಿಲೋಮೀಟರ್. ದಾರಿ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಆಂಟಿಗೆ ಮೊಣಕಾಲು ನೋವಿದ್ದರೆ ಒಂದೇ ದಿನ ಮುಗಿಸಲು ಹೋಗಬೇಡಿ. ನನ್ನ ಅಪ್ಪ ಹಾಗೆ ಹಟ ಮಾಡಿ, ಮರುದಿನ ಹಾಸಿಗೆಯಿಂದ ಏಳಲಿಲ್ಲ. ಮೂರು ದಿನಕ್ಕೆ ಹಂಚಿಕೊಳ್ಳಿ. ಕೊನೆಯ ಜಾಗ ಬಂಕರ್ ಹಿಲ್ ಸ್ಮಾರಕ. 221 ಅಡಿ ಎತ್ತರ, 294 ಮೆಟ್ಟಿಲು, ಲಿಫ್ಟ್ ಇಲ್ಲ. ಅದರ ಹತ್ತಿರವೇ ಕಾನ್‌ಸ್ಟಿಟ್ಯೂಷನ್ ಅನ್ನುವ 1797ರ ಯುದ್ಧನೌಕೆ ನಿಂತಿದೆ. ಟಿಕೆಟ್ ಇಲ್ಲ, ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ.

ಸಾಲಿ ಅಂದರೆ ಹಾರ್ವರ್ಡ್ ಬಿಡುವ ಹಾಗಿಲ್ಲ. 1636. ಅದೇ ರೆಡ್ ಲೈನ್, ನದಿ ದಾಟುವಾಗ ರೈಲು ಸೇತುವೆ ಮೇಲೆ ಬರುತ್ತದೆ, ಕಿಟಕಿ ಹತ್ತಿರ ನಿಲ್ಲಿ. ಒಳಗೆ ಜಾನ್ ಹಾರ್ವರ್ಡ್ ವಿಗ್ರಹ ಇದೆ, 1884ರದ್ದು. ಅದಕ್ಕೆ ಮೂರು ಸುಳ್ಳಿನ ವಿಗ್ರಹ ಅಂತ ಹೆಸರು. ಸ್ಥಾಪಕ ಅಂತ ಕೆತ್ತಿದ್ದಾರೆ, ಅವನು ಸ್ಥಾಪಕನಲ್ಲ, ಕಾಲೇಜಿಗೆ ದಾನ ಕೊಟ್ಟವನು. 1638 ಅಂತ ಕೆತ್ತಿದ್ದಾರೆ, ಅದೂ ತಪ್ಪು. ಇನ್ನು ಮುಖ ಅವನದ್ದೇ ಅಲ್ಲ. ಅವನ ಚಿತ್ರ ಒಂದೂ ಉಳಿದಿರಲಿಲ್ಲ, ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ ಮಾಡಿದ್ದು. ಪ್ರವಾಸಿಗರು ಅದೃಷ್ಟಕ್ಕೆ ಅಂತ ಅದರ ಕಾಲು ಉಜ್ಜಿ ಉಜ್ಜಿ ಹೊಳೆಯುತ್ತಿದೆ. ನೀವು ಮಾತ್ರ ಮುಟ್ಟಬೇಡಿ ಸರ್. ರಾತ್ರಿ ಹೊತ್ತು ಹುಡುಗರು ಅದಕ್ಕೆ ಏನು ಮಾಡುತ್ತಾರೆ ಅಂತ ಹಿರಿಯರ ಮುಂದೆ ಬರೆಯುವುದು ಸರಿಯಲ್ಲ.

ಬೀದರ್ ಅಕ್ಕೋರು:

ಮಾಸ್ತರ್‌ರೇ, ನಾನೂ ಚಾಕ್‌ಪೀಸ್ ಧೂಳು ಕುಡಿದವಳೇ. ಬೀದರ್ ಜಿಲ್ಲೆಯ ಪ್ರೈಮರಿ ಸಾಲಿಗಳಲ್ಲಿ 34 ವರ್ಷ. ಸೊಸೆಯ ಬಾಣಂತನಕ್ಕೆ ಅಂತ ಬಾಸ್ಟನ್‌ಗೆ ಹೋಗಿ ಐದು ತಿಂಗಳು ಇದ್ದೆ. ನಿಮ್ಮ ಪ್ರಶ್ನೆಗೆ ನಾನು ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ 1635ರ ಸಾಲಿ. ಬಾಸ್ಟನ್ ಲ್ಯಾಟಿನ್ ಸ್ಕೂಲ್. ನಡೆಯುತ್ತಿದೆ, ನಿಜ. ಊರಿನ ಇನ್ನೊಂದು ಕಡೆ ದೊಡ್ಡ ಕಟ್ಟಡದಲ್ಲಿದೆ. ಆದರೆ ಒಳಗೆ ಬಿಡುವುದಿಲ್ಲ. ನಮ್ಮ ಕಡೆ ಹಾಗೆ "ನಾನೂ ಟೀಚರ್ರೀ" ಅಂದುಕೊಂಡು ಗೇಟು ದಾಟಿ ಹೆಡ್‌ಮಾಸ್ತರ್ ರೂಮಿನಲ್ಲಿ ಚಹಾ ಕುಡಿಯುವ ಪದ್ಧತಿ ಅಲ್ಲಿಲ್ಲ. ಸಾಲಿಗಳ ಬಾಗಿಲು ಒಳಗಿಂದ ಲಾಕ್. ನಾನು ಹೊರಗಿನಿಂದ ನೋಡಿ ಬಂದೆ. ಹೆಣ್ಣುಮಕ್ಕಳನ್ನು ಅಲ್ಲಿ ಸೇರಿಸಿಕೊಂಡಿದ್ದು 1972ರಲ್ಲಿ, ಗೊತ್ತಾ? 337 ವರ್ಷ ಬರೀ ಗಂಡುಹುಡುಗರು. "ನಾವೇ ಮೊದಲು" ಅನ್ನುವುದು ಅವರ ಧ್ಯೇಯವಾಕ್ಯ. ಇರಲಿ.

ಆ ಸಾಲಿ ಮೊದಲು ಇದ್ದ ಜಾಗ ಕೆಂಪು ಗೆರೆಯ ಮೇಲೇ ಬರುತ್ತದೆ. ರಸ್ತೆಯ ಹೆಸರು ಸ್ಕೂಲ್ ಸ್ಟ್ರೀಟ್, ಅಂದರೆ ಸಾಲಿ ಓಣಿ. ಸಾಲಿ ಹೋಯಿತು, ಓಣಿಗೆ ಹೆಸರು ಉಳಿಯಿತು. ನಾನು ಅಲ್ಲಿ ನಿಂತು ಗೋಡೆ ಎಲ್ಲಿದೆ, ಕಂಬ ಎಲ್ಲಿದೆ ಅಂತ ಹುಡುಕುತ್ತಿದ್ದೆ. ಮಗ, "ಅವ್ವಾ, ಕೆಳಗೆ ನೋಡು, ಅದರ ಮೇಲೇ ನಿಂತಿದ್ದೀ" ಅಂದ. ನೋಡಿದರೆ ಫುಟ್‌ಪಾತಿನ ನೆಲದಲ್ಲಿ ಬಣ್ಣಬಣ್ಣದ ಚೂರು ಕೂರಿಸಿ ಚಿತ್ರ ಮಾಡಿದ್ದಾರೆ. ಅದರಲ್ಲಿ ಕುಂಟೆಬಿಲ್ಲೆಯ ಮನೆಗಳು, ಇಂಗ್ಲಿಷ್ ಅಕ್ಷರಗಳು, ಆಡುವ ಮಕ್ಕಳು. 1983ರಲ್ಲಿ ಮಾಡಿದ್ದಂತೆ. ಟೈ ಕಟ್ಟಿದ ಆಫೀಸಿನವರು ಕಾಫಿ ಹಿಡಿದುಕೊಂಡು ಅದರ ಮೇಲೆ ಟಕಟಕ ಹೋಗುತ್ತಿದ್ದರು. ಒಂದು ಚಿಕ್ಕ ಹುಡುಗಿ ಮಾತ್ರ ಅಮ್ಮನ ಕೈ ಬಿಡಿಸಿಕೊಂಡು ಒಂಟಿಕಾಲಲ್ಲಿ ಹಾರಿತು. ಗೆರೆ ತುಳಿಯಿತು, ತಾನೇ "ಔಟ್" ಅಂತ ಹೇಳಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿತು.

ಪಕ್ಕದ ಅಂಗಳದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿಗ್ರಹ ಇದೆ, 1856ರದ್ದು. ಅವನು ಆ ಸಾಲಿಯ ವಿದ್ಯಾರ್ಥಿ ಅಂತ. ಆದರೆ ಕೇಳಿ, 1714ರಲ್ಲಿ 8 ವರ್ಷದವನಿದ್ದಾಗ ಸೇರಿದ, ವರ್ಷ ತುಂಬುವ ಮೊದಲೇ ಬಿಟ್ಟ. ಅಪ್ಪ ಸಾಬೂನು, ಮೇಣದಬತ್ತಿ ಮಾಡುವವನು, ಮನೆ ತುಂಬ ಮಕ್ಕಳು. ಆಮೇಲೆ ಬರವಣಿಗೆ, ಲೆಕ್ಕ ಕಲಿಸುವ ಇನ್ನೊಂದು ಸಾಲಿಗೆ ಹಾಕಿದರೆ ಅಲ್ಲಿ ಲೆಕ್ಕದಲ್ಲಿ ಫೇಲು. 10 ವರ್ಷಕ್ಕೆ ಅಪ್ಪನ ಅಂಗಡಿಯಲ್ಲಿ ಬತ್ತಿ ಕತ್ತರಿಸುವ ಕೆಲಸ. ಸಾಲಿ ಬಿಟ್ಟ ಹುಡುಗನನ್ನೇ ಸಾಲಿಯ ಜಾಗದಲ್ಲಿ ನಿಲ್ಲಿಸಿದ್ದಾರೆ ನೋಡಿ. ಅದೇ ಅಂಗಳದಲ್ಲಿ ಒಂದು ಕಂಚಿನ ಕತ್ತೆಯೂ ಇದೆ, ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಗುರುತು. ನಿಮ್ಮ ಮನೆಯವರನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಯಬೇಡಿ. ನನ್ನ ಮಗ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ, ಇವತ್ತಿಗೂ ಅನ್ನಿಸಿಕೊಳ್ಳುತ್ತಿದ್ದೇನೆ.

ಫ್ರಾಂಕ್ಲಿನ್ ಸಾಯುವಾಗ ಬಾಸ್ಟನ್ನಿನ ಸಾಲಿಗಳಿಗೆ 100 ಪೌಂಡ್ ಬರೆದಿಟ್ಟ. ಅದರ ಬಡ್ಡಿಯಲ್ಲಿ ಚೆನ್ನಾಗಿ ಓದುವ ಹುಡುಗರಿಗೆ ಬೆಳ್ಳಿ ಪದಕ ಕೊಡಿ ಅಂತ. ಈ ಪದಕದ ವಿಷಯ ನೆನಪಿಟ್ಟುಕೊಳ್ಳಿ. ಯಾಕೆಂದರೆ ಈಗ ನಾನು ಹೇಳುವ ಸಾಲಿಯೇ ನೀವು ಬಿಡಬಾರದ್ದು, ಅದು ಆ ಕೆಂಪು ಗೆರೆಯ ಮೇಲೆ ಇಲ್ಲ.

ಬಂಗಾರದ ಗುಮ್ಮಟದ ಸ್ಟೇಟ್ ಹೌಸ್, ಅಂದರೆ ಅಲ್ಲಿನ ವಿಧಾನಸೌಧ ಇದೆಯಲ್ಲ, ಅದರ ಹಿಂದಿನ ಗುಡ್ಡ ಬೀಕನ್ ಹಿಲ್. ಅಲ್ಲಿ ಜಾಯ್ ಸ್ಟ್ರೀಟಿನಲ್ಲಿ ಅಬಿಯಲ್ ಸ್ಮಿತ್ ಸ್ಕೂಲ್ ಅಂತ ಇಟ್ಟಿಗೆಯ ಕಟ್ಟಡ. 1835ರಲ್ಲಿ ಕಪ್ಪು ಮಕ್ಕಳಿಗೆ ಅಂತಲೇ ಕಟ್ಟಿದ ಸರ್ಕಾರಿ ಸಾಲಿ. ಕಟ್ಟಡ ಹಾಗೇ ನಿಂತಿದೆ, ಈಗ ಮ್ಯೂಸಿಯಂ. ಪಕ್ಕದಲ್ಲೇ ಅವರು 1806ರಲ್ಲಿ ಕಟ್ಟಿಕೊಂಡ ಪ್ರಾರ್ಥನೆ ಮನೆ ಇದೆ. ಸ್ಮಿತ್ ಸಾಲಿ ಕಟ್ಟುವ ಮೊದಲು ಆ ಪ್ರಾರ್ಥನೆ ಮನೆಯ ನೆಲಮಾಳಿಗೆಯಲ್ಲೇ ಪಾಠ ನಡೆಯುತ್ತಿತ್ತು.

ಆ ನೆಲಮಾಳಿಗೆಯಲ್ಲಿ ಓದಿದ ಒಬ್ಬ ಹುಡುಗ ವಿಲಿಯಂ ಕೂಪರ್ ನೆಲ್. 1829ರಲ್ಲಿ ಪರೀಕ್ಷೆಯಲ್ಲಿ ಫ್ರಾಂಕ್ಲಿನ್ ಪದಕಕ್ಕೆ ಬರುವಷ್ಟು ಚೆನ್ನಾಗಿ ಮಾಡಿದ. ಬಿಳಿ ಹುಡುಗರಿಗೆ ಪದಕ ಕೊಟ್ಟರು, ಫ್ಯಾನಲ್ ಹಾಲಿನಲ್ಲಿ ಊಟಕ್ಕೂ ಕರೆದರು. ಇವನಿಗೆ ಫ್ರಾಂಕ್ಲಿನ್ನನ ಜೀವನಚರಿತ್ರೆಯ ಒಂದು ಪುಸ್ತಕ ಕೊಟ್ಟು ಮನೆಗೆ ಕಳಿಸಿದರು. ಹುಡುಗ ಏನು ಮಾಡಿದ ಗೊತ್ತಾ? ಊಟ ಬಡಿಸುವವರಲ್ಲಿ ಒಬ್ಬನಾಗಿ ಸೇರಿಕೊಂಡು ಒಳಗೆ ಹೋದ. ತನ್ನ ಪಂಕ್ತಿಯಲ್ಲಿ ಕೂರಬೇಕಾಗಿದ್ದವರಿಗೆ ತಾನೇ ಬಡಿಸಿದ. ಊರಿನ ಒಬ್ಬ ದೊಡ್ಡ ಮನುಷ್ಯ ಅವನನ್ನು ಗುರುತಿಸಿ, ನೀನೂ ಆ ಹುಡುಗರ ಜೊತೆ ಇರಬೇಕಿತ್ತು ಎಂದು ಕಿವಿಯಲ್ಲಿ ಪಿಸುಗುಟ್ಟಿದನಂತೆ. ಹಾಗನಿಸಿದ್ದರೆ ನೀವು ಯಾಕೆ ಕೂರಿಸಲಿಲ್ಲ ಅಂತ ನೆಲ್ ಮನಸ್ಸಿನಲ್ಲೇ ಕೇಳಿಕೊಂಡ. ಮುಂದೆ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಫ್ಯಾನಲ್ ಹಾಲ್‌ಗೆ ನೀವು ಹೇಗೂ ಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. ಭಾಷಣಗಳ ಹಾಲ್ ಅಂತ ತೋರಿಸುತ್ತಾರೆ. ನನಗೆ ಅಲ್ಲಿ ಟ್ರೇ ಹಿಡಿದ ಆ ಹುಡುಗನೇ ಕಾಣುತ್ತಿದ್ದ.

ಇನ್ನೊಂದು ಹುಡುಗಿ ಸಾರಾ ರಾಬರ್ಟ್ಸ್, ಐದು ವರ್ಷದ್ದು. ಮನೆಯಿಂದ ಸ್ಮಿತ್ ಸಾಲಿಗೆ ಹೋಗುವ ದಾರಿಯಲ್ಲಿ ಬಿಳಿ ಮಕ್ಕಳ ಐದು ಸಾಲಿ ದಾಟಬೇಕಿತ್ತು. ಅಪ್ಪ ಪ್ರಿಂಟಿಂಗ್ ಕೆಲಸದವನು, ಊರಿನ ಮೇಲೆ ಕೇಸು ಹಾಕಿದ. ಚಾರ್ಲ್ಸ್ ಸಮ್ನರ್, ರಾಬರ್ಟ್ ಮಾರಿಸ್ ವಕೀಲರು. ಮಾರಿಸ್ ಕಪ್ಪು ವಕೀಲ. 1850ರಲ್ಲಿ ಸೋತರು. ಬೇರೆ ಸಾಲಿ ಕೊಟ್ಟಿದ್ದೇವಲ್ಲ, ಅನ್ಯಾಯ ಎಲ್ಲಿದೆ ಅಂತ ಕೋರ್ಟು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರೈಲಿನಲ್ಲಿ ಬೇರೆ ಡಬ್ಬಿ ಸರಿ ಅಂದಾಗ ಇದೇ ತೀರ್ಪನ್ನು ಎತ್ತಿ ತೋರಿಸಿತು. ಅದು ಸಾಲಿಗಳ ವಿಷಯದಲ್ಲಿ ಬಿದ್ದುಹೋಗಲು 1954 ಬರಬೇಕಾಯಿತು. ಬಾಸ್ಟನ್ನಿನವರು ಮಾತ್ರ ಅಲ್ಲಿಯವರೆಗೆ ಕಾಯಲಿಲ್ಲ. ನೆಲ್ ಮುಂದೆ ನಿಂತ, ಸಹಿ ಸಂಗ್ರಹಿಸಿದ, ಎಷ್ಟೋ ಮನೆಯವರು ಮಕ್ಕಳನ್ನು ಸ್ಮಿತ್ ಸಾಲಿಯಿಂದ ಬಿಡಿಸಿದರು. 1855ರಲ್ಲಿ ಬೇರೆ ಸಾಲಿ ಕೂಡದು ಅಂತ ಆ ರಾಜ್ಯದಲ್ಲಿ ಕಾನೂನು ಬಂತು. ಸ್ಮಿತ್ ಸಾಲಿ ಮುಚ್ಚಿತು.

ಮಾಸ್ತರ್‌ರೇ, ನಾನು ಕೊನೆಗೆ ಕೆಲಸ ಮಾಡಿದ ಸಾಲಿಯಲ್ಲಿ 11 ಮಕ್ಕಳಿದ್ದರು. ಮುಚ್ಚಿಬಿಡುತ್ತಾರೆ ಅಂತ ಎರಡು ಬೇಸಿಗೆ ಮನೆಮನೆ ತಿರುಗಿದ್ದೇನೆ, ಆ ಬಿಸಿಲಿನಲ್ಲಿ. ಸಾಲಿ ಮುಚ್ಚುವುದು ಅಂದರೆ ನನಗೆ ಸಾವಿನ ಸುದ್ದಿ ಇದ್ದ ಹಾಗೆ. ಜಾಯ್ ಸ್ಟ್ರೀಟಿನಲ್ಲಿ ನಿಂತಾಗ, ಮುಚ್ಚಿಸಿದ್ದಕ್ಕೆ ಸಂತೋಷಪಟ್ಟ ಊರು ಇದು ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಗ ಎರಡು ಸಲ ಹೇಳಬೇಕಾಯಿತು.

ಮೊಣಕಾಲಿನ ಉಪಾಯ: ಜಾಯ್ ಸ್ಟ್ರೀಟು ಸ್ಟೇಟ್ ಹೌಸ್ ಕಡೆಯಿಂದ ಮೊದಲು ಸ್ವಲ್ಪ ಏರು, ಆಮೇಲೆ ಇಳಿಜಾರು. ಫುಟ್‌ಪಾತ್ ಇಟ್ಟಿಗೆಯದ್ದು, ಎತ್ತರತಗ್ಗು ಇದೆ. ಸಾಲಿ ನೋಡಿದ ಮೇಲೆ ವಾಪಸ್ ಹತ್ತಬೇಡಿ. ಹಾಗೇ ಕೆಳಗೆ ಇಳಿದು ಕೇಂಬ್ರಿಜ್ ಸ್ಟ್ರೀಟಿಗೆ ಬಂದು ಎಡಕ್ಕೆ ನಡೆದರೆ ರೆಡ್ ಲೈನಿನ ಚಾರ್ಲ್ಸ್ ಸ್ಟೇಷನ್ ಸಿಗುತ್ತದೆ. ಮ್ಯೂಸಿಯಂ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮೊದಲು ಮಗಳಿಗೆ ಫೋನಿನಲ್ಲಿ ನೋಡಲು ಹೇಳಿ. ನಾನು ನೋಡದೇ ಹೋಗಿ ಮೊದಲನೇ ಸಲ ಮುಚ್ಚಿದ ಬಾಗಿಲು ನೋಡಿ ಬಂದೆ.

ಚೌಬಾರಾ:

ಎಲ್ಲ ಸರಿ. ಆದರೆ 1635, 1636 ಅಂತ ಇಷ್ಟು ಹಿಗ್ಗುವುದು ಯಾಕೆ? ಬಾಸ್ಟನ್ ಊರು ಹುಟ್ಟಿದ್ದೇ 1630ರಲ್ಲಿ. ನಮ್ಮ ಬೀದರಿನಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ್ದು 1472ರಲ್ಲಿ. ಆಗ ಕೊಲಂಬಸ್ ಇನ್ನೂ ಅಮೆರಿಕದ ಕಡೆ ಹೊರಟಿರಲಿಲ್ಲ. ಮೂರು ಅಂತಸ್ತು, ಗೋಡೆ ತುಂಬ ನೀಲಿ ಟೈಲ್ಸು, 3000 ಪುಸ್ತಕದ ಲೈಬ್ರರಿ. ಮಾಸ್ತರ್‌ಗಳು ಯಾದಗಿರಿಯಿಂದ ಬೀದರಿಗೆ ಎಷ್ಟು ಸಲ ಬಂದಿದ್ದಾರೆ, ಕೇಳಿ ಮೊದಲು.

ಬೀದರ್ ಅಕ್ಕೋರು:

ತಮ್ಮಾ, ನೀ ಹೇಳಿದ್ದು ಸುಳ್ಳಲ್ಲ. ಆದರೆ ಜಗಳ ಅಮೆರಿಕದವರ ಜೊತೆ ಯಾಕೆ? ನಾನು ಆ ಮದರಸಾದ ಮುಂದೆಯೇ ನಾಲ್ಕು ವರ್ಷ ದಿನಾ ಓಡಾಡಿದ್ದೇನೆ. ಒಳಗೆ ಹೋಗಿದ್ದು ಎರಡು ಸಲ, ಅದೂ ನೆಂಟರು ಬಂದಾಗ. ಔರಂಗಜೇಬನ ಕಾಲದಲ್ಲಿ ಅದರೊಳಗೆ ಮದ್ದಿನ ಪುಡಿ ತುಂಬಿಟ್ಟಿದ್ದರು, ಸಿಡಿದು ಮುಂಭಾಗದ ಅರ್ಧ ಹೋಯಿತು. ಎರಡು ಮಿನಾರಿನಲ್ಲಿ ಒಂದೇ ಉಳಿದಿದೆ. 3000 ಪುಸ್ತಕದಲ್ಲಿ ಒಂದು ಹಾಳೆಯಾದರೂ ಅಲ್ಲಿ ನೋಡಲು ಸಿಗುತ್ತದಾ?

ಹಾರ್ವರ್ಡಿನ ಕಥೆಯೂ ಹೆಚ್ಚು ಕಡಿಮೆ ಅದೇ. ಜಾನ್ ಹಾರ್ವರ್ಡ್ ಕೊಟ್ಟಿದ್ದು 400 ಪುಸ್ತಕ. 1764ರಲ್ಲಿ ಬೆಂಕಿ ಬಿದ್ದು ಎಲ್ಲ ಸುಟ್ಟವು, ಒಂದೇ ಒಂದು ಉಳಿಯಿತು ಅನ್ನುತ್ತಾರೆ. ಯಾರೋ ವಿದ್ಯಾರ್ಥಿ ಹೊರಗೆ ಒಯ್ದು ವಾಪಸ್ ಕೊಟ್ಟಿರಲಿಲ್ಲವಂತೆ, ಅದಕ್ಕೆ ಬಚಾವ್. ಲೈಬ್ರರಿ ಪುಸ್ತಕ ತಡವಾಗಿ ತಂದ ಮಕ್ಕಳಿಗೆ ನಾನು ಎಷ್ಟು ಬೈದಿದ್ದೇನೋ.

ನಾಗಾವಿ ಕಡೆಯವ:

ಲೆಕ್ಕ ಹಾಕುವುದೇ ಆದರೆ ಚಿತ್ತಾಪುರದ ಹತ್ತಿರ ನಾಗಾವಿ ಬಿಡಬೇಡಿ. 1058ರ ಶಾಸನ ಇದೆ, ಅಲ್ಲಿದ್ದ ಘಟಿಕಾಸ್ಥಾನದ್ದು, ಅಂದರೆ ಆಗಿನ ಕಾಲದ ಕಾಲೇಜಿನದ್ದು. ಪುಸ್ತಕ ನೋಡಿಕೊಳ್ಳಲು ಆರು ಜನ ಸರಸ್ವತಿ ಭಂಡಾರಿಗರಿದ್ದರು ಅಂತ ಬರೆದಿದೆ. ಆರು ಜನ ಲೈಬ್ರೇರಿಯನ್ನು! ಈಗ ನಮ್ಮ ತಾಲೂಕಿನ ಎಷ್ಟು ಹೈಸ್ಕೂಲಿನಲ್ಲಿ ಒಬ್ಬರಿದ್ದಾರೆ? ಅರವತ್ತು ಕಂಬದ ಗುಡಿ ಇನ್ನೂ ಇದೆ. ನಾವು ಹೋದಾಗ ಕಂಬದ ನೆರಳಿನಲ್ಲಿ ಎಮ್ಮೆ ಮಲಗಿತ್ತು.

ಮಾಸ್ತರ್‌ಗೆ ಒಂದು ಮಾತು, ಬಾಸ್ಟನ್ನಿನ ಪಬ್ಲಿಕ್ ಲೈಬ್ರರಿ ನೋಡಿ. ನನ್ನ ತಂಗಿ ಕರೆದುಕೊಂಡು ಹೋಗಿದ್ದಳು. ಕಾಪ್ಲಿ ಚೌಕದಲ್ಲಿದೆ, ಕಟ್ಟಡ 1895ರದ್ದು. ಒಳಗೆ ಯಾರು ಬೇಕಾದರೂ ಹೋಗಬಹುದು, ಕೇಳುವವರಿಲ್ಲ. ನಿಮ್ಮ ರೈಲು ಬ್ಯಾಕ್ ಬೇ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ, ಅಲ್ಲಿ ಇಳಿದರೆ ಹತ್ತಿರ. ಹಸಿರು ದೀಪಗಳ ಉದ್ದ ಮೇಜುಗಳಿವೆ, ಆರಾಮಾಗಿ ಕೂತು ಪೇಪರ್ ಓದಿ. ಮನೆಯವರ ಕಾಲಿಗೂ ವಿಶ್ರಾಂತಿ.

ಬಿಸಿಲೂರ ಹುಡುಗ:

ಸರ್, ಚಹಾದ ವಿಷಯ ಯಾರೂ ಹೇಳಲೇ ಇಲ್ಲ. ಸ್ಕೂಲ್ ಸ್ಟ್ರೀಟ್ ಮುಗಿಯುವಲ್ಲಿ ರಸ್ತೆ ದಾಟಿದರೆ ಓಲ್ಡ್ ಸೌತ್ ಮೀಟಿಂಗ್ ಹೌಸ್, 1729ರದ್ದು. 1773ರ ಡಿಸೆಂಬರ್ 16ರಂದು ಸುಮಾರು 5000 ಜನ ಸೇರಿದ್ದು ಅಲ್ಲೇ. ಒಳಗೆ ನಿಂತರೆ ಅಷ್ಟು ಜನ ಹೇಗೆ ಹಿಡಿಸಿದರು ಅನ್ನಿಸುತ್ತದೆ. ಅಲ್ಲಿಂದ ಎದ್ದು ಬಂದರಿಗೆ ನಡೆದು ಮುನ್ನೂರಕ್ಕೂ ಜಾಸ್ತಿ ಪೆಟ್ಟಿಗೆ ಚಹಾ ಸಮುದ್ರಕ್ಕೆ ಸುರಿದರು. ಆದರೆ ಸುರಿದ ಜಾಗ ಈಗ ನೀರಲ್ಲ, ನೆಲ. ಬಾಸ್ಟನ್ನಿನವರು ಸಮುದ್ರಕ್ಕೆ ಮಣ್ಣು ತುಂಬಿ ತುಂಬಿ ಊರು ಬೆಳೆಸಿದ್ದಾರೆ. ಅಲ್ಲೇ ಹತ್ತಿರ ನೀರಿನಲ್ಲಿ ಹಡಗಿನ ಮಾದರಿ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ, ನಿಮ್ಮ ಕೈಗೂ ಪೆಟ್ಟಿಗೆ ಕೊಟ್ಟು ಎಸೆಯಲು ಹೇಳುತ್ತಾರೆ. ಹಗ್ಗ ಕಟ್ಟಿರುತ್ತದೆ, ಮತ್ತೆ ಎಳೆದುಕೊಳ್ಳುತ್ತಾರೆ. ಟಿಕೆಟ್ ದುಬಾರಿ ಸರ್, ಮೊಮ್ಮಕ್ಕಳಿದ್ದರೆ ಹೋಗಿ. ಇಲ್ಲದಿದ್ದರೆ ಓಲ್ಡ್ ಸೌತ್ ಸಾಕು.

ಯಾದಗಿರಿ ಮಾಸ್ತರ್:

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಮನೆಯವರಿಗೆ ಓದಿ ಹೇಳಿದೆ. 294 ಮೆಟ್ಟಿಲು ನೀವು ಹತ್ತಿ, ನಾನು ಕೆಳಗೆ ಕೂತು ಶೇಂಗಾ ತಿನ್ನುತ್ತೇನೆ ಅಂದಿದ್ದಾಳೆ. ಚೌಬಾರಾ ಅವರೇ, ಬೀದರಿಗೆ ಮೂರು ಸಲ ಬಂದಿದ್ದೇನೆ, ಪ್ರತಿ ಸಲವೂ ಸಾಲಿ ಮಕ್ಕಳ ಪ್ರವಾಸ. 80 ಹುಡುಗರ ತಲೆ ಎಣಿಸುವುದರಲ್ಲಿ ಮದರಸಾ ಕಾಣಲೇ ಇಲ್ಲ. ಹೋಗುವ ಮೊದಲು ಒಂದು ದಿನ ಬರುತ್ತೇನೆ, ಸುಮ್ನೆ ಒಬ್ಬನೇ.

ಅಕ್ಕೋರೇ, ಸಾರಾಳ ಕಥೆ ರಾತ್ರಿಯೆಲ್ಲ ತಲೆಯಲ್ಲಿತ್ತು. ನನ್ನ ಕ್ಲಾಸಿಗೆ ತಾಂಡಾದಿಂದ ಒಬ್ಬ ಹುಡುಗಿ ಬರುತ್ತಿದ್ದಳು, ದಿನಾ 4 ಕಿಲೋಮೀಟರ್, ಮಳೆಗಾಲದಲ್ಲಿ ಹಳ್ಳ ದಾಟಿಕೊಂಡು. ತಡವಾದರೆ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಪಾಪ, ದಾರಿಯಲ್ಲಿ ಬೇರೆ ಸಾಲಿ ಇರಲಿಲ್ಲ ಅಂತ ಬರುತ್ತಿದ್ದಳು. ಆ ಮಗು ಐದು ಸಾಲಿ ಬಾಗಿಲು ನೋಡಿಕೊಂಡು ದಾಟಬೇಕಿತ್ತು ಅಲ್ವಾ. ಮೊದಲ ದಿನವೇ ಜಾಯ್ ಸ್ಟ್ರೀಟಿಗೆ ಹೋಗುತ್ತೇವೆ. ಕೆಂಪು ಗೆರೆ ಆಮೇಲೆ.

ಒಂದು ಕೊನೆಯ ಪ್ರಶ್ನೆ, ಮನೆಯವರದ್ದು: ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬಹುದಾ? 60 ರೊಟ್ಟಿ ಬಡಿಯುವ ಲೆಕ್ಕದಲ್ಲಿದ್ದಾಳೆ.

ಬೀದರ್ ಅಕ್ಕೋರು:

60 ಸಾಲುವುದಿಲ್ಲ, 100 ಬಡಿಯಲು ಹೇಳಿ. ಅಳಿಯಂದಿರ ಗೆಳೆಯರೆಲ್ಲ ಬರುತ್ತಾರೆ. ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಮಲಗಿಸಿದರೆ ಪುಡಿ. ಅಲ್ಲಿ ಇಳಿದ ಮೇಲೆ ಕಸ್ಟಮ್ಸಿನವರಿಗೆ ತಿನ್ನುವ ಸಾಮಾನು ಇದೆ ಅಂತ ಹೇಳಿ, ಮುಚ್ಚಿಡಬೇಡಿ. ನನ್ನನ್ನು ಪಕ್ಕಕ್ಕೆ ಕರೆದು ಡಬ್ಬಿ ತೆರೆಸಿದರು, ರೊಟ್ಟಿ ತಟ್ಟಿ ನೋಡಿ, ಇದೇನು ಪ್ಲೇಟಾ ಅಂತ ಕೇಳಿದರು.